ಬಲಗಾಲಿನ ಬೂಟು

ಬಾಗಿಲು ಹಾಕಿ ಬಾ. ಚಿಲಕಾನೂ ಹಾಕು... ಹಾಂ, ಈಗ ಕೂತ್ಕೋ. ಮಧ್ಯದಲ್ಲಿ ಯಾರಾದರೂ ಕಿಸಕ್ ಅಂದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಆಮೇಲೆ ಥರ್ಜಾ ಅಜ್ಜಿ ಅರ್ಧಕ್ಕೇ ಬಿಟ್ಟಳು ಅಂತ ಊರೆಲ್ಲ ಹೇಳ್ಕೊಂಡು ತಿರುಗಬೇಡಿ. ಇದು ನಾನು ಎಲ್ಲೋ ಕೇಳಿಸಿಕೊಂಡು ಬಂದದ್ದಲ್ಲ. ನಮ್ಮ ದೊಡ್ಡಮ್ಮನ ಮಗಳು ಕೆಜಾಯಕ್ಕನಿಗೆ ಆದದ್ದು. ಅವಳು ಸಾಯೋದರೊಳಗೆ ನನಗೆ ಮೂರು ಸಲ ಹೇಳಿದಾಳೆ. ಮೂರು ಸಲಾನೂ ಒಂದು ಮಾತು ಆಚೆ ಈಚೆ ಆಗಲಿಲ್ಲ. ಸುಳ್ಳು ಹೇಳೋರಿಗೆ ಅಷ್ಟು ಜ್ಞಾಪಕಶಕ್ತಿ ಎಲ್ಲಿಂದ ಬರಬೇಕು?

ಸಾವಿರದ ಎಂಟುನೂರ ಅರವತ್ತಾರನೇ ಇಸವಿ, ಜೂನ್ ತಿಂಗಳು. ಈ ಟಾಸ್ಮೇನಿಯಾದಲ್ಲಿ ಜೂನ್ ಅಂದರೆ ನಡು ಚಳಿಗಾಲ, ನಿಮಗೆ ಗೊತ್ತಲ್ಲ, ಸಂಜೆ ಐದು ಗಂಟೆಗೆ ಎದುರಿಗೆ ಬಂದೋರ ಮುಖ ಕಾಣಲ್ಲ. ಅವತ್ತು ಮಿಸೆಸ್ ಡ್ರೂರಿ ಮನೇಲಿ ಹಂದಿ ಕೊಯ್ದಿದ್ದರು. ಮಾಂಸಕ್ಕೆ ಉಪ್ಪು ಹಚ್ಚೋಕೆ ಅಂತ ಕೆಜಾಯಕ್ಕ ಹೋಗಿದ್ದಳು. ಆಗ ಅವಳಿಗೆ ಐದು ತಿಂಗಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಗರ್ಭ. ಕೆಲಸ ಮುಗಿಯೋ ಹೊತ್ತಿಗೆ ಹೊತ್ತಾಯ್ತು. ಒಂದು ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಎರಡು ಹಂದಿ ಕಾಲು. ಒಬ್ಬಳೇ ಹೊರಟಳು.

ದಾರಿ ಇಟ್ಟಿಗೆ ಬಾವಿ ಪಕ್ಕದಲ್ಲೇ ಹೋಗಬೇಕು. ಈಗ ಅದರ ಮೇಲೆ ಹಲಗೆ ಮುಚ್ಚಿದಾರೆ. ಆಗ ಮುಚ್ಚಿರಲಿಲ್ಲ. ಹಿಂದೆ ಆಚೆ ಸಮುದ್ರಕ್ಕೆ ಚಾಚಿದ ಗುಡ್ಡದ ಮೇಲೆ ಹುಡುಗರ ಜೈಲು ಇತ್ತಲ್ಲ, ಆ ಹುಡುಗರೇ ತೋಡಿದ ಬಾವಿ ಅದು. ಹುಡುಗರು ಅಂದರೆ ಹುಡುಗರೇ. ಹತ್ತು ವರ್ಷ, ಹನ್ನೊಂದು ವರ್ಷ. ಅಲ್ಲಿ ಇಂಗ್ಲೆಂಡಿನಲ್ಲಿ ಒಂದು ಚಮಚ ಕದ್ದ, ಒಂದು ತುಂಡು ಚೀಸ್ ಕದ್ದ ಅಂತ ಏಳು ವರ್ಷ ಶಿಕ್ಷೆ ಹಾಕಿ, ನಾಲ್ಕು ತಿಂಗಳು ಹಡಗಿನಲ್ಲಿ ತಂದು ಇಲ್ಲಿ ಸುರಿದಿದ್ದರು. ಬಾವಿ ನೀರು ಸೇದಿ, ಜೇಡಿಮಣ್ಣು ತುಳಿದು, ಇಟ್ಟಿಗೆ ಹೊಡೀಬೇಕಿತ್ತು. ಅಕ್ಕನ ಕಾಲಕ್ಕೆ ಜೈಲು ಮುಚ್ಚಿ ಹದಿನೇಳು ವರ್ಷ ಆಗಿತ್ತು. ಚಾವಣಿ ಮರ, ಬಾಗಿಲು, ಕಿಟಕಿ ಎಲ್ಲ ಊರವರು ಹೊತ್ತುಕೊಂಡು ಬಂದು ತಮ್ಮ ತಮ್ಮ ಮನೆಗೆ ಹಾಕ್ಕೊಂಡಿದ್ದರು. ನೀನು ಈಗ ಬೆನ್ನು ಕೊಟ್ಟು ಕೂತಿದ್ದೀಯಲ್ಲ, ಆ ಬಾಗಿಲೂ ಅಲ್ಲಿಂದಲೇ ಬಂದದ್ದು. ಬಾವಿ ನೀರನ್ನು ಮಾತ್ರ ಯಾರೂ ಮುಟ್ತಿರಲಿಲ್ಲ. ಯಾಕೆ ಅಂತ ಯಾರೂ ಹೇಳ್ತಿರಲಿಲ್ಲ.

ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬೇಕು... ಹಿಂದೆ ಸದ್ದು.

ಚಪ್... ಚಪ್... ಚಪ್...

ಒದ್ದೆ ಜೇಡಿಮಣ್ಣಿನಲ್ಲಿ ಬೂಟು ಕಾಲು ಕಿತ್ತಿಟ್ಟ ಸದ್ದು. ಅಕ್ಕ ನಿಂತಳು. ಅದೂ ನಿಂತಿತು, ಆದರೆ ಒಂದು ಹೆಜ್ಜೆ ತಡವಾಗಿ. ಅಲ್ಲೇ ಅವಳಿಗೆ ಅನುಮಾನ ಬಂತು. ಪ್ರತಿಧ್ವನಿ ಆಗಿದ್ದರೆ ಒಂದು ಹೆಜ್ಜೆ ಜಾಸ್ತಿ ಇಡುತ್ತಾ? ಲಾಟೀನು ಎತ್ತಿ ತಿರುಗಿದಳು. ಯಾರೂ ಇಲ್ಲ. ಕೆಳಗೆ ನೋಡಿದಳು. ಅವಳ ಹೆಜ್ಜೆ ಪಕ್ಕದಲ್ಲೇ ಇನ್ನೊಂದು ಸಾಲು ಹೆಜ್ಜೆ. ಚಿಕ್ಕವು. ಬೂಟಿನವು. ಹತ್ತು ಹನ್ನೊಂದು ವರ್ಷದ ಮಗುವಿನ ಅಳತೆ.

ನೀವೋ ನಾನೋ ಆಗಿದ್ದರೆ ಯಾವುದೋ ಮಗು ಓಡಾಡಿದೆ ಅಂದುಕೊಂಡು ಬರ್ತಿದ್ದೆವು. ಆದರೆ ಕೆಜಾಯಕ್ಕ ಬೂಟು ಹೊಲಿಯೋನ ಹೆಂಡತಿ. ಬೂಟಿನ ಗುರುತು ನೋಡಿದರೆ ಕಾಲಿಗೆ ಆಣಿ ಇದೆಯಾ ಇಲ್ವಾ ಅನ್ನೋದನ್ನೂ ಹೇಳೋಳು. ಬಗ್ಗಿ ನೋಡಿದಳು. ಒಳಪಾದದ ಹಳ್ಳ ಎಲ್ಲದರಲ್ಲೂ ಬಲಗಡೆಗೇ ಇದೆ. ಒಂದು, ಎರಡು, ಮೂರು, ನಾಲ್ಕು... ಇಷ್ಟೂ ಎಡಗಾಲು. ಬಲಗಾಲು ಒಂದೂ ಇಲ್ಲ.

ಹಂದಿ ಕಾಲು ಅಲ್ಲೇ ಬಿತ್ತು. ಅದನ್ನು ಎತ್ತಿಕೊಳ್ಳದೆ ಮನೆ ಕಡೆ ಬಂದುಬಿಟ್ಟಳು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಸದ್ದು. ಹಿಂದಿನ ಕೋಣೆಯಲ್ಲಿ ಅವಳ ಗಂಡ ಓಬೆಡ್ ಭಾವ ತೊಡೆ ಮೇಲೆ ಕಲ್ಲಿಟ್ಟುಕೊಂಡು ಬೂಟಿನ ಅಟ್ಟೆ ಬಡೀತಿದ್ದ. ಟಕ್... ಟಕ್... ಟಕ್... ಅದು ದಿನಾ ಕೇಳೋದೇ. ಆದರೆ ಅವತ್ತು ಪ್ರತಿ ಏಟಿನ ಹಿಂದೆ ಇನ್ನೊಂದು, ಸಣ್ಣ ಏಟು. ಟಕ್... ಟಿಕ್. ಟಕ್... ಟಿಕ್. ಚಿಕ್ಕ ಕೈಯಲ್ಲಿ ಚಿಕ್ಕ ಸುತ್ತಿಗೆ ಹಿಡಿದು ಯಾರೋ ಜೊತೆಗೆ ಬಡೀತಿದ್ದಾರೆ. ಅಕ್ಕ ಬಾಗಿಲು ತಟ್ಟಿದಳು. ಎರಡೂ ನಿಂತವು. ಭಾವ ಬಾಗಿಲು ತೆಗೆಯೋಕೆ ಸ್ವಲ್ಪ ಹೊತ್ತು ಮಾಡಿದ. ಒಳಗೆ ಅವನೊಬ್ಬನೇ. ಏನನ್ನೋ ಚರ್ಮದ ಏಪ್ರನ್ನಿನಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದ್ದ. ಯಾರು ಇದ್ದದ್ದು ಅಂತ ಅಕ್ಕ ಕೇಳಿದಳು. ಯಾರೂ ಇಲ್ಲವಲ್ಲ ಅಂದ. ಅಂದೋನು ಅವಳ ಮುಖ ನೋಡಲಿಲ್ಲ.

ಈ ಓಬೆಡ್ ಟಾಪ್ಲಿ ಬಗ್ಗೆ ಎರಡು ಮಾತು ಹೇಳಲೇಬೇಕು. ಒಳ್ಳೆ ಮನುಷ್ಯ. ಕುಡಿತ ಇಲ್ಲ, ಕೈ ಎತ್ತೋದಿಲ್ಲ. ಆದರೆ ಊರಿಗೆ ಅವನ ಮೇಲೆ ಮೊದಲಿಂದಲೂ ಒಂದು ಕಣ್ಣು. ಅಷ್ಟು ಚೆನ್ನಾಗಿ ಬೂಟು ಹೊಲಿಯೋನು ಹೋಬಾರ್ಟಿನಲ್ಲಿ ಅಂಗಡಿ ಇಡದೆ, ಕುರಿ ಬಿಟ್ಟರೆ ಜನ ಇಲ್ಲದ ಈ ಕೊಲ್ಲಿಗೆ ಯಾಕೆ ಬಂದ? ಕೇಳಿದರೆ ಗಾಳಿ ಒಳ್ಳೇದು ಅನ್ನೋನು. ತಾನು ಚಿಕ್ಕಪ್ಪನ ಜೊತೆ ಸ್ವಂತ ಖರ್ಚಿನಲ್ಲಿ ಹಡಗು ಹತ್ತಿ ಬಂದೋನು ಅಂತಲೂ ಹೇಳೋನು. ಅದರಲ್ಲಿ ವಿಶೇಷ ಏನಿಲ್ಲ ಬಿಡಿ, ನಮ್ಮೂರಲ್ಲಿ ಯಾರನ್ನು ಕೇಳಿದರೂ ಸ್ವಂತ ಖರ್ಚಿನಲ್ಲೇ ಬಂದೋರು. ಕೈದಿಗಳ ಹಡಗಿನಲ್ಲಿ ಬಂದ ಅಷ್ಟು ಸಾವಿರ ಜನ ಎಲ್ಲಿ ಮಾಯ ಆದರೋ ನಾನು ಕಾಣೆ. ಇನ್ನೊಂದು ಏನೆಂದರೆ, ಭಾನುವಾರ ಚರ್ಚಿನಲ್ಲಿ ಪಾದ್ರಿ ಮಕ್ಕಳ ಹಾಜರಿ ಕೂಗೋಕೆ ಶುರು ಮಾಡಿದ ಅಂದರೆ ಭಾವ ಎದ್ದು ಹೊರಗೆ ಹೋಗೋನು. ನಾನೇ ಕಣ್ಣಾರೆ ನೋಡಿದೀನಿ. ಮಳೆ ಬರ್ತಿದ್ದರೂ ಹೊರಗೇ ನಿಂತಿರೋನು.

ಮಾರನೇ ದಿನ ಅವನು ಚರ್ಮ ತರೋಕೆ ಹೋದಾಗ ಅಕ್ಕ ಬೆಂಚಿನ ಕೆಳಗೆ ಕೈ ಹಾಕಿದಳು. ಒಂದು ಮರದ ಪೆಟ್ಟಿಗೆ ಸಿಕ್ಕಿತು. ಬೀಗ ಇತ್ತು, ಸುತ್ತಿಗೆಯಲ್ಲಿ ಒಡೆದಳು. ಅವಳಿಗೆ ಸಿಟ್ಟು ಬಂದರೆ ಹಾಗೇ. ಒಳಗೆ ಬೂಟು. ಮಕ್ಕಳ ಬೂಟು, ಒಂಬತ್ತು. ಹಳೇದಕ್ಕೆ ಬೂಸ್ಟು ಹಿಡಿದಿತ್ತು, ಹೊಸದರಿಂದ ಇನ್ನೂ ಮೇಣದ ವಾಸನೆ ಬರ್ತಿತ್ತು. ಎಲ್ಲಾ ಒಂದೇ ಅಳತೆ. ಒಂದಕ್ಕೂ ಜೋಡಿ ಇಲ್ಲ... ಒಂಬತ್ತೂ ಬಲಗಾಲಿಗೆ. ಪ್ರತಿಯೊಂದರ ಒಳಗೂ ಶಾಯಿಯಲ್ಲಿ ಒಂದೇ ಅಂಕಿ ಬರೆದಿತ್ತು. ಮುನ್ನೂರ ಹದಿನೇಳು.

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹೊಟ್ಟೆಯಲ್ಲಿ ಒಂದು ಮಗು ಇಟ್ಟುಕೊಂಡು, ಗಂಡ ಕದ್ದುಮುಚ್ಚಿ ಬೇರೆ ಮಗುವಿಗೆ ಬೂಟು ಹೊಲೀತಾನೆ ಅಂತ ಗೊತ್ತಾದರೆ ಯಾವ ಹೆಂಗಸು ತಾನೇ ಸುಮ್ಮನಿರ್ತಾಳೆ? ಸೀದಾ ಮಿಸೆಸ್ ಡ್ರೂರಿ ಹತ್ತಿರ ಹೋದಳು. ಹೋಗಬಾರದಿತ್ತು. ಆ ಹೆಂಗಸಿನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹೆಂಡದಂಗಡಿ ಮುಟ್ಟೋದು. ಮಿಸೆಸ್ ಡ್ರೂರಿ ಉಪ್ಪು ಕೈ ಒರೆಸಿಕೊಂಡು ಲೆಕ್ಕಾಚಾರ ಹಾಕಿದಳು. ಹೋಬಾರ್ಟಿನಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆ, ಅಲ್ಲೊಂದು ಕುಂಟ ಮಗು ಇದೆ, ಆ ಅಂಕಿ ಅವರ ಮನೆ ನಂಬರು, ಇನ್ನೇನು ಬೇಕು ಅಂದಳು. ಅಕ್ಕನಿಗೂ ಹೌದೇನೋ ಅನ್ನಿಸಿತು. ಒಂದು ಮಾತ್ರ ತಲೇಲಿ ಕೊರೀತಿತ್ತು.

"ಮಣ್ಣಲ್ಲಿ ನಾನು ನೋಡಿದ್ದು ಬರೀ ಎಡಗಾಲು ಕಣೇ," ಅಂದಳು. "ಪೆಟ್ಟಿಗೇಲಿರೋದು ಬರೀ ಬಲಗಾಲಿಂದು. ಇಲ್ಲದ ಕಾಲಿಗೆ ಯಾರಾದರೂ ಬೂಟು ಹೊಲೀತಾರಾ?"

ಮಿಸೆಸ್ ಡ್ರೂರಿ ಮತ್ತೆ ಉಪ್ಪಿಗೆ ಕೈ ಹಾಕಿದಳು. ಅದಕ್ಕೂ ಒಂದು ಲೆಕ್ಕ ಹೊಳೆದಿದ್ದರೆ ನನಗೂ ಬಂದು ಹೇಳಿರೋಳು.

ಅಕ್ಕ ನಿರ್ಧಾರ ಮಾಡಿಬಿಟ್ಟಳು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಬಾರ್ಟಿಗೆ ದೋಣಿ. ಅಲ್ಲಿ ಅವಳ ತಮ್ಮ ಇದ್ದ. ಹೋದರೆ ಮತ್ತೆ ಬರೋದಿಲ್ಲ, ಮಗು ಅಲ್ಲೇ ಹುಟ್ಟಲಿ, ಇವನ ಹೆಸರೂ ಅದಕ್ಕೆ ಬೇಡ ಅಂತ ಟ್ರಂಕು ತುಂಬಿ ಮಂಚದ ಕೆಳಗೆ ಇಟ್ಟಳು. ಗಂಡನಿಗೆ ಹೇಳಲಿಲ್ಲ. ಒಡೆದ ಬೀಗ ಅವನಿಗೆ ಕಂಡಿತ್ತು. ಅವನೂ ಕೇಳಲಿಲ್ಲ. ಎರಡು ದಿನ ಆ ಮನೇಲಿ ಚಮಚದ ಸದ್ದು ಬಿಟ್ಟರೆ ಬೇರೆ ಇಲ್ಲ.

ಶುಕ್ರವಾರ ಸಂಜೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಭಾವ ಕೋಟಿನೊಳಗೆ ಏನನ್ನೋ ಸಿಕ್ಕಿಸಿಕೊಂಡು ಹಿಂಬಾಗಿಲಿಂದ ಹೊರಟ. ಇವಳು ಹಿಂದೆಯೇ ಹೊರಟಳು. ಆ ಇನ್ನೊಂದು ಸಂಸಾರ ಇಲ್ಲೇ ಎಲ್ಲೋ ಇದೆ, ಇವತ್ತು ಕೈಗೆ ಸಿಕ್ಕುತ್ತೆ ಅಂತಲೇ ಅವಳ ನಂಬಿಕೆ. ಅವನು ಹೋದದ್ದು ಎಲ್ಲಿಗೆ? ಇಟ್ಟಿಗೆ ಬಾವಿಗೆ.

ಅಕ್ಕ ಹಳೆ ಇಟ್ಟಿಗೆ ಗೂಡಿನ ಮರೇಲಿ ನಿಂತಳು. ಭಾವ ಕೋಟಿನಿಂದ ಹೊಸ ಬೂಟು ತೆಗೆದು ಬಾವಿಕಟ್ಟೆ ಮೇಲಿಟ್ಟ. ಅದು ಹತ್ತನೇದು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದ. ಟೋಪಿ ತೆಗೆದ. ಹಿಮ್ಮಡಿ ಕೂಡಿಸಿದ, ಕೈ ಎರಡೂ ತೊಡೆ ಪಕ್ಕಕ್ಕೆ ಇಳಿಬಿಟ್ಟ. ಮೂವತ್ತೆಂಟು ವರ್ಷದ ಗಂಡಸು, ಶಾಲೆ ಹುಡುಗರು ಸಾಲಿನಲ್ಲಿ ನಿಲ್ಲೋ ಹಾಗೆ ನಿಂತ. ಎದುರಿಗೆ ಯಾರೂ ಇಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ... ಗಾಳಿ ಕೂಡ ಇಲ್ಲ.

"ಇದ್ದೀನಿ ಸಾರ್."

ಅಂದದ್ದು ಭಾವನೇ. ಬಾಯಿ ಅವನದೇ. ಆದರೆ ದನಿ... ದನಿ ಒಂದು ಚಿಕ್ಕ ಹುಡುಗನದು. ತೆಳ್ಳಗೆ, ನೆಗಡಿಯಾದ ಹಾಗೆ.

ಅಕ್ಕ ಅಷ್ಟೊತ್ತು ಹೆದರಿದವಳು, ಅದನ್ನು ಕೇಳಿದ ಮೇಲೆ ಯಾಕೋ ಹೆದರಲಿಲ್ಲವಂತೆ. ಮರೆಯಿಂದ ಹೊರಗೆ ಬಂದು ಅವನ ರೆಟ್ಟೆ ಹಿಡಿದಳು. ಅವನು ತಿರುಗಿ ನೋಡಿದ. ಬೆವರಿನಲ್ಲಿ ನೆನೆದಿದ್ದ, ಆ ಚಳಿಯಲ್ಲಿ.

"ಯಾರಿಗೆ ಹೇಳಿದೆ?" ಅಂತ ಪಿಸುಗುಟ್ಟಿದಳು.

"ನಿನಗೆ ಕೇಳಿಸಲಿಲ್ವಾ?"

"ಏನು?"

"ನಂಬರ್ ಕೂಗಿದ್ದು."

ಮನೆಗೆ ಕರೆತಂದು, ಒಲೆ ಮುಂದೆ ಕೂರಿಸಿ, ಎಲ್ಲ ಬಾಯಿ ಬಿಡಿಸಿದಳು. ಅವನು ಸ್ವಂತ ಖರ್ಚಿನಲ್ಲಿ ಬಂದೋನಲ್ಲ. ಹನ್ನೆರಡು ವರ್ಷದವನಿದ್ದಾಗ ಒಂದು ಬಾತುಕೋಳಿ ಕದ್ದಿದ್ದ. ಅದು ಪೊಲೀಸಿನವನ ಎದುರಿಗೇ ಕೋಟಿನೊಳಗಿಂದ ಕೂಗಿತ್ತು. ಏಳು ವರ್ಷ. ಗುಡ್ಡದ ಮೇಲಿನ ಜೈಲಿನಲ್ಲೇ ಬೂಟು ಹೊಲಿಯೋದು ಕಲಿತದ್ದು. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂರ್ತಿದ್ದೋನು ಲೂಕ್ ಪಿಲ್ಬೀಮ್. ಹನ್ನೊಂದು ವರ್ಷ. ಮೇಡ್‌ಸ್ಟನ್ ಅಂತ ಇಂಗ್ಲೆಂಡಿನ ಒಂದು ಊರಿನವನು. ನಂಬರು ಮುನ್ನೂರ ಹದಿನೇಳು.

ಲೂಕ್ ಕದ್ದದ್ದು ಬೂಟು. ನಿಮಗೆ ಇದು ಗೊತ್ತೋ ಇಲ್ಲವೋ, ಆ ಕಡೆ ಬೂಟಿನಂಗಡಿಯವರು ಬಾಗಿಲ ಹೊರಗೆ ಬೂಟು ನೇತು ಹಾಕೋವಾಗ ಬರೀ ಎಡಗಾಲಿನವನ್ನೇ ಹಾಕ್ತಿದ್ದರಂತೆ. ಬಲಗಾಲಿಂದು ಒಳಗೆ ಇರುತ್ತೆ. ಒಂದೇ ಕಾಲಿಂದು ಕದ್ದು ಏನು ಮಾಡ್ತೀಯಾ ಅಂತ. ಈ ಹುಡುಗನಿಗೆ ಅದು ಎಲ್ಲಿ ಗೊತ್ತು? ಬರಿಗಾಲಲ್ಲಿ ಬೆಳೆದೋನು. ಎರಡು ಕಿತ್ತುಕೊಂಡ, ಮೂಲೆ ತಿರುಗಿ ಅಲ್ಲೇ ಹಾಕ್ಕೊಂಡ, ಓಡಿದ. ಎರಡೂ ಎಡಗಾಲಿಂದು. ಎಷ್ಟು ದೂರ ಓಡ್ತಾನೆ? ಬೀದಿ ಕೊನೇಲಿ ಮುಗ್ಗರಿಸಿ ಬಿದ್ದ, ಹಿಡಿದರು. ಬೂಟು ಕಾಲಿಂದ ಕಿತ್ತು ಅಂಗಡಿಯವನಿಗೆ ವಾಪಸ್ ಕೊಟ್ಟರು. ಹುಡುಗನನ್ನು ಇಲ್ಲಿಗೆ ಕಳಿಸಿದರು. ಜೈಲಿನ ಹುಡುಗರೆಲ್ಲ ಅವನನ್ನು ಎಡಗಾಲ ಅಂತಲೇ ಕರೆಯೋರು, ನಡೆಯೋವಾಗ ಅಣಕಿಸಿ ಮುಗ್ಗರಿಸೋರು. ಓಬೆಡ್ ಒಬ್ಬನೇ ಅಣಕಿಸ್ತಿರಲಿಲ್ಲ. ಕೆಲಸ ಪೂರ್ತಿ ಕಲಿತ ಮೇಲೆ ನಿನಗೆ ಬಲಗಾಲಿಂದು ಒಂದು ಹೊಲಿದು ಕೊಡ್ತೀನಿ ಕಣೋ ಅಂತ ಮಾತು ಕೊಟ್ಟಿದ್ದ.

ಒಂದು ಸಂಜೆ ಲೂಕ್ ಅವನ ಕಿವೀಲಿ ಹೇಳಿದ. ಕೊಲ್ಲಿಯಲ್ಲಿ ತಿಮಿಂಗಿಲ ಬೇಟೆಯವರ ದೋಣಿ ಬಂದಿದೆ, ನನ್ನನ್ನೂ ಕರ್ಕೊಂಡು ಹೋಗಿ ಅಂತ ಕೇಳ್ತೀನಿ, ನನ್ನ ನಂಬರ್ ಕೂಗಿದಾಗ ನೀನು ಹೇಳು. ಆ ಹುಡುಗರಲ್ಲಿ ಅದೊಂದು ಕಟ್ಟುಪಾಡು. ಹಾಜರಿ ಕೂಗೋವಾಗ ಜೊತೆಯವನು ಇಲ್ಲದಿದ್ದರೆ ಪಕ್ಕದವನು ಅವನ ದನಿಯಲ್ಲಿ ಇದ್ದೀನಿ ಸಾರ್ ಅನ್ನಬೇಕು. ಇಲ್ಲ ಅಂದೋನನ್ನು ಆಮೇಲೆ ಯಾರೂ ಮಾತಾಡಿಸ್ತಿರಲಿಲ್ಲ. ಹೊಡೆತಕ್ಕಿಂತ ಅದಕ್ಕೇ ಹೆದರೋರು. ಮಳೆ ಸುರೀತಿತ್ತು, ಒಂದೇ ಲಾಟೀನು, ನೂರಾರು ಹುಡುಗರು. ಓಬೆಡ್ ಇಬ್ಬರ ಪರವಾಗೂ ಹೇಳಿದ. ಬೆಳಿಗ್ಗೆ ಆರಕ್ಕೆ ಮತ್ತೆ ಕೂಗಿದರು, ಹೇಳಿದ. ಸಂಜೆ ಮತ್ತೆ ಹೇಳಿದ. ಲೂಕ್ ಅಷ್ಟೊತ್ತಿಗೆ ಸಮುದ್ರದಲ್ಲಿ ಎಷ್ಟು ದೂರ ಹೋಗಿರಬಹುದು ಅಂತ ಮನಸ್ಸಿನಲ್ಲೇ ಖುಷಿಪಡ್ತಿದ್ದನಂತೆ.

ಲೂಕ್ ಎಲ್ಲೂ ಹೋಗಿರಲಿಲ್ಲ. ಕತ್ತಲಲ್ಲಿ ಓಡೋವಾಗ ಬಾವಿಗೆ ಬಿದ್ದಿದ್ದ. ಆಗ ನೀರು ಸೊಂಟದವರೆಗೆ ಮಾತ್ರ. ಬಲಗಾಲು ಮುರಿದಿತ್ತು. ಮಳೆ ಅಂತ ಎರಡು ದಿನ ಇಟ್ಟಿಗೆ ಕೆಲಸ ಇರಲಿಲ್ಲ, ಯಾರೂ ನೀರು ಸೇದೋಕೆ ಬರಲಿಲ್ಲ. ಮೂರನೇ ದಿನ ಬೆಳಗಿನ ಹಾಜರಿಗೂ ಮುಂಚೆ ಕೊಡ ಇಳಿಸಿದಾಗ ಸಿಕ್ಕಿದ. ಜೈಲಿನ ಡಾಕ್ಟರು ನೋಡಿ, ಈ ಹುಡುಗ ಎರಡನೇ ರಾತ್ರಿಯವರೆಗೂ ಜೀವದಿಂದ ಇದ್ದ ಅಂದನಂತೆ. ಉಗುರೆಲ್ಲ ಕಿತ್ತು ಹೋಗಿದ್ದವು.

"ನಾನು ಇದ್ದೀನಿ ಅಂದಾಗಲೆಲ್ಲ ಅವನು ಇದ್ದ ಕೆಜಾಯ," ಅಂದ ಭಾವ. "ಒಂದು ಸಲ ಇಲ್ಲ ಅಂದಿದ್ದರೆ ಹುಡುಕ್ತಿದ್ದರು."

ಬಿಡುಗಡೆ ಆದ ಮೇಲೆ ಎಲ್ಲೆಲ್ಲೋ ಅಲೆದ. ಎಲ್ಲಿದ್ದರೂ ವರ್ಷಕ್ಕೊಂದು ಸಲ, ಅದೇ ಸಂಜೆ, ಅದೇ ಬೆಳಿಗ್ಗೆ, ಅದೇ ಸಂಜೆ, ಮೂರು ಹೊತ್ತು ಆ ಕೂಗು ಕಿವಿಗೆ ಬೀಳೋದು. ಬೇಡ ಅಂದರೂ ಬಾಯಿ ತಾನಾಗಿ ಉತ್ತರ ಕೊಡೋದು. ಕೊನೆಗೆ ಇಲ್ಲೇ ಬಂದು ನೆಲೆಸಿದ. ವರ್ಷಕ್ಕೊಂದು ಬೂಟು ಹೊಲಿದು ಬಾವಿಕಟ್ಟೆ ಮೇಲೆ ಇಡೋನು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಇಟ್ಟಲ್ಲೇ ಇರೋದು. ವಾಪಸ್ ತಂದು ಪೆಟ್ಟಿಗೆಗೆ ಹಾಕೋನು.

ಅಕ್ಕ ಆಗ ತಾನು ನೋಡಿದ ಹೆಜ್ಜೆಯ ವಿಷಯ ಹೇಳಿದಳು. ಎರಡೂ ಎಡಗಾಲು ಅಂದಾಗ ಭಾವನ ಕೈಲಿದ್ದ ಲೋಟ ಕೆಳಗೆ ಬಿತ್ತು. ಅವನು ಆ ಹೆಜ್ಜೆ ಯಾವತ್ತೂ ನೋಡಿರಲಿಲ್ಲ. ಆ ಬೂಟು ಮೇಡ್‌ಸ್ಟನ್ನಿನಲ್ಲೇ ಉಳೀತಲ್ಲ, ಅದು ಹೇಗೆ ಅಂತ ಮತ್ತೆ ಮತ್ತೆ ಅಂದುಕೊಂಡ. ಆಮೇಲೆ ಅತ್ತ. ಇವಳೂ ಅತ್ತಳು. ಆದರೆ ಅವಳಿಗೆ ಅವನ ಮೇಲೆ ಸಿಟ್ಟೂ ಇತ್ತು, ಅದನ್ನು ಮುಚ್ಚಿಡಲಿಲ್ಲ. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಮಲಗಿ ಸುಳ್ಳು ಹೇಳಿದೆ, ಅದು ಹೋಗಲಿ, ಇಪ್ಪತ್ತೈದು ವರ್ಷದಿಂದ ಆ ಹುಡುಗನ ವಿಷಯದಲ್ಲೂ ಅದೇ ಸುಳ್ಳು ಹೇಳ್ತಿದ್ದೀಯಲ್ಲ ಅಂದಳು. ಬೂಟು ಯಾಕೆ ತಗೋತಾನೆ ಅವನು? ಇನ್ನೂ ಬಾವಿಯೊಳಗೇ ಇದ್ದಾನೆ, ನೀನು ಮೇಲೆ ನಿಂತು ಸಾಲಿನಲ್ಲಿದ್ದಾನೆ ಅಂತೀಯ.

ಭಾವ ಬಿದ್ದ ಲೋಟ ಎತ್ತಿಟ್ಟ.

"ಬೆಳಿಗ್ಗೆ ಎರಡನೇ ಸಲ ಕೂಗ್ತಾರೆ ಅಂದೆಯಲ್ಲ," ಅಂದಳು ಅಕ್ಕ. "ಅಷ್ಟೊತ್ತಿಗೆ ಅವನು ಇನ್ನೂ ಬದುಕಿದ್ದ ತಾನೆ?"

"ಹೂಂ."

"ಹಾಗಾದರೆ ನಾಳೆ ಬೆಳಿಗ್ಗೆ ನಿಜ ಹೇಳು. ಹೇಳದಿದ್ದರೆ ನಾನು ಒಂಬತ್ತರ ದೋಣಿಗೆ ಹೋಗ್ತೀನಿ. ನನ್ನ ಮಗು ನಾಳೆ ಎಲ್ಲಾದರೂ ಬಿದ್ದರೂ ನೀನು ಇದ್ದಾನೆ ಇದ್ದಾನೆ ಅಂತಲೇ ಕೂತಿರ್ತೀಯಾ ಅಂತ ನನಗೆ ಭಯ."

ಮಂಚದ ಕೆಳಗಿನ ಟ್ರಂಕು ಎಳೆದು ತೋರಿಸಿದಳು. ಅವನಿಗೆ ಅದು ಆಗಲೇ ಗೊತ್ತಿತ್ತು.

ಆರಕ್ಕೆ ಮುಂಚೆ ಇಬ್ಬರೂ ಲಾಟೀನು ಇಟ್ಟುಕೊಂಡು ಬಾವಿ ಹತ್ತಿರ ನಿಂತಿದ್ದರು. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕಾಲ ಕೆಳಗೆ ಕರಕರ ಅಂತಿತ್ತು. ಬೂಟು ಕಟ್ಟೆ ಮೇಲೆ ಹಾಗೇ ಇತ್ತು. ಭಾವ ಟೋಪಿ ತೆಗೆದು ಹಿಂದಿನ ದಿನದ ಹಾಗೇ ನಿಂತ. ಅಕ್ಕ ಅವನ ಕೈ ಹಿಡಿದುಕೊಂಡಳು. ಹಿಡಿದದ್ದಕ್ಕೋ ಏನೋ, ಈ ಸಲ ಅವಳಿಗೂ ಕೇಳಿಸಿತು.

ಮೊದಲು ಗಂಟೆ. ಢಣ್... ಢಣ್... ಜೈಲಿನ ಗಂಟೆ ಹೋಬಾರ್ಟಿನವರು ಹೊತ್ತೊಯ್ದು ಎಷ್ಟೋ ವರ್ಷವಾಗಿತ್ತು. ಆಮೇಲೆ ನೂರಾರು ಬೂಟು ಒಟ್ಟಿಗೆ ನಿಂತ ಸದ್ದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಬೇಸರದ ದನಿ, ನಿದ್ದೆ ಬಿಟ್ಟು ಎದ್ದು ಬಂದವನದು.

"ಮುನ್ನೂರ ಹದಿನೇಳು."

ಭಾವನ ತುಟಿ ಅಲುಗಾಡಿತು. ಬಾಯಿ ತೆರೀತು. ಗಂಟಲಲ್ಲಿ ಆ ಹುಡುಗನ ದನಿ ಬರ್ತಾ ಇರೋದು ಅಕ್ಕನಿಗೆ ಕೇಳಿಸ್ತಿತ್ತು... ಇ... ಇ... ಅಂತ. ಅವಳು ಅವನ ಕೈಯನ್ನು ತನ್ನ ಹೊಟ್ಟೆ ಮೇಲೆ ಇಟ್ಟುಕೊಂಡು ಒತ್ತಿದಳು.

"ಮುನ್ನೂರ ಹದಿನೇಳು." ಎರಡನೇ ಸಲ. ಈಗ ಸ್ವಲ್ಪ ಗಡಸು.

"ಇಲ್ಲ ಸಾರ್," ಅಂದ ಭಾವ. ಅದು ಅವನದೇ ದನಿ. ಒಡೆದು ಹೋಗಿತ್ತು. "ಅವನು ಇಲ್ಲಿಲ್ಲ. ನಿನ್ನೆ ಸಂಜೆ ಹೇಳಿದ್ದು ನಾನು. ಅವನು ಬಾವೀಲಿದ್ದಾನೆ ಸಾರ್. ಕಾಲು ಮುರಿದಿದೆ. ಬೇಗ ನೋಡಿ."

ಆಮೇಲೆ ಓಟ. ಎಲ್ಲ ಕಡೆಯಿಂದಲೂ ಓಡಿ ಬರೋ ಬೂಟಿನ ಸದ್ದು. ಅವರಿಬ್ಬರ ಪಕ್ಕದಲ್ಲೇ ಹಾದು ಹೋಯ್ತು, ಅಕ್ಕನ ಲಂಗಕ್ಕೆ ಗಾಳಿ ಬಡಿಯಿತು. ಯಾರೂ ಕಾಣಲಿಲ್ಲ. ಹಗ್ಗ ಇಳಿದ ಸದ್ದು, ಸರ್ರ್... ಕೆಳಗೆ ನೀರಿಗೆ ಏನೋ ಮುಟ್ಟಿತು. ಬಾವಿ ರಾಟೆ ತಿರುಗೋಕೆ ಶುರುವಾಯ್ತು. ಅದು ತುಕ್ಕು ಹಿಡಿದು ಹತ್ತು ವರ್ಷದಿಂದ ಕದಲಿರಲಿಲ್ಲ, ಅದಕ್ಕೆ ಹಗ್ಗಾನೂ ಇರಲಿಲ್ಲ. ಕಿರ್ರ್... ಕಿರ್ರ್... ಕಿರ್ರ್... ಭಾರ ಎತ್ತೋವಾಗ ತಿರುಗೋ ಹಾಗೆ ನಿಧಾನವಾಗಿ ತಿರುಗಿತು. ಅದು ತಿರುಗೋದು ಇಬ್ಬರೂ ನೋಡಿದರು. ಕಣ್ಣಾರೆ. ಆಮೇಲೆ ನಿಂತಿತು.

ಯಾರೋ ಮೂಗು ಒಳಗೆಳೆದುಕೊಂಡರು. ತೆಳ್ಳಗೆ, ನೆಗಡಿಯಾದ ಹಾಗೆ. ಅಷ್ಟೇ. ಆಮೇಲೆ ಹಕ್ಕಿ ಕೂಗೋಕೆ ಶುರು ಮಾಡಿದವು.

ಭಾವ ಅಲ್ಲೇ ಮಂಡಿಯೂರಿ ಕೂತುಬಿಟ್ಟ. ಬೆಳಕಾಗೋವರೆಗೂ ಅಕ್ಕ ಅವನ ತಲೆ ಹಿಡಿದುಕೊಂಡು ನಿಂತಿದ್ದಳು. ದೋಣಿ ಒಂಬತ್ತಕ್ಕೆ ಹೋಯ್ತು, ಇವಳು ಹತ್ತಲಿಲ್ಲ. ಮಿಸೆಸ್ ಡ್ರೂರಿ ಇವಳು ಹೊರಡೋದನ್ನು ನೋಡೋಕೆ ದೋಣಿ ನಿಲ್ಲೋ ದಕ್ಕೆಗೆ ಬಂದು ಕಾದು ಕಾದು ಮುಖ ಸಣ್ಣ ಮಾಡ್ಕೊಂಡು ವಾಪಸ್ ಹೋದಳಂತೆ. ಆ ಸಂಜೆ ಮೂರನೇ ಕೂಗಿಗೆ ಇಬ್ಬರೂ ಕಾದು ಕೂತರು. ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಭಾವ ತಾನು ಯಾರು ಅಂತ ಊರಿಗೆಲ್ಲ ತಾನೇ ಹೇಳಿದ. ಅರ್ಧ ಜನ ಅವನ ಹತ್ತಿರ ಬೂಟು ಹೊಲಿಸೋದು ಬಿಟ್ಟರು. ಕಾಲು ನೋಯೋಕೆ ಶುರುವಾದ ಮೇಲೆ ಒಬ್ಬೊಬ್ಬರೇ ಮತ್ತೆ ಬಂದರು. ಭಾನುವಾರ ಹಾಜರಿ ಕೂಗೋವಾಗ ಅವನು ಚರ್ಚಿನೊಳಗೇ ಕೂತಿರೋನು, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು.

ಇದನ್ನೆಲ್ಲ ಕೇಳಿದ ಮೇಲೂ, ಆ ಗಂಡ ಹೆಂಡತಿಗೆ ಮಂಪರು ಹತ್ತಿತ್ತು, ಕನಸು ಕಂಡರು ಅಂತ ಅನ್ನೋರು ಇದ್ದಾರೆ. ನೀನೂ ಅದನ್ನೇ ಯೋಚನೆ ಮಾಡ್ತಿದ್ದೀಯ, ನಿನ್ನ ಮುಖ ನೋಡಿದರೆ ಗೊತ್ತಾಗುತ್ತೆ. ಇರಲಿ. ಅವತ್ತು ಬೆಳಕಾದ ಮೇಲೆ ಅಕ್ಕ ಬಾವಿ ಸುತ್ತ ನೋಡಿದಳು. ಇಬ್ಬನಿ ಮೇಲೆ ಹೆಜ್ಜೆ ಇತ್ತು. ಕಟ್ಟೆಯಿಂದ ಹೊರಟು ಸಮುದ್ರದ ಕಡೆ. ಎಡ, ಬಲ, ಎಡ, ಬಲ. ಎಲ್ಲೂ ಮುಗ್ಗರಿಸಿದ ಗುರುತಿಲ್ಲ. ಭಾವ ಹೊಲಿದ ಬಲಗಾಲಿನ ಬೂಟು ಕಟ್ಟೆ ಮೇಲೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೇರೆ ಒಂದು ಬೂಟು ಇತ್ತು.

ಅದನ್ನು ಅಕ್ಕ ಸಾಯೋ ಮುಂಚೆ ನನಗೆ ಕೊಟ್ಟಳು. ಅಗೋ, ಆ ಕಪಾಟಿನ ಮೇಲೆ, ಉಪ್ಪಿನ ಜಾಡಿ ಹಿಂದೆ. ತಗೊಂಡು ನೋಡು. ಎಡಗಾಲಿಂದು. ಒಳಗೆ ಮೇಡ್‌ಸ್ಟನ್ ಅಂಗಡಿಯವನ ಮುದ್ರೆ ಇದೆ. ಮೇಲೆ ಒಂದು ದಾರ ಕಟ್ಟಿದೆ ನೋಡು, ಬಾಗಿಲ ಹೊರಗೆ ನೇತು ಹಾಕೋಕೆ ಕಟ್ಟೋದು. ಒಂದು ತುದಿ ಎಳೆದು ಕಿತ್ತ ಹಾಗಿದೆ.